ಬಳಪ ತಿನ್ನುವ ಹುಡುಗಿ, ಊಟ ಬಿಟ್ಟ ಹುಡುಗಿ

ಶಿವಾರಪಟ್ಟಣದ ಶಿಲ್ಪಿಗಳಿಗೆ ಬಳಪದ ಕಲ್ಲೆಂದರೇನು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅಂಥ ಮೆದು ಕಲ್ಲಿನ ಕಡ್ಡಿಗಳು ಸ್ಲೇಟು ಬಳಪವಾಗಿ ಸಣ್ಣ ಅಂಗಡಿಗಳಲ್ಲೂ ಸಿಗುತ್ತವೆ. ಕೊಳ್ಳುವವರಲ್ಲಿ ಬರೆಯುವ ಮಕ್ಕಳಷ್ಟೇ ಅಲ್ಲ, ತಿನ್ನುವವರೂ ಇದ್ದಾರೆ.

ನಮ್ಮ ಕಡೆಯ ಹೆಣ್ಣುಮಕ್ಕಳು ವೈದ್ಯರ ಬಳಿ ಬರುವುದು ಸುಸ್ತು, ತಲೆಸುತ್ತು, ನಡೆದರೆ ಏದುಸಿರು ಎಂದು. ಬಳಪದ ವಿಷಯ ತಾವಾಗಿ ಹೇಳುವುದಿಲ್ಲ. ಜೊತೆಗೆ ಬಂದ ತಾಯಿಯೋ ಅತ್ತೆಯೋ "ಎಷ್ಟು ಬೈದರೂ ಬಿಡಲ್ಲ ಡಾಕ್ಟ್ರೇ, ಡಬ್ಬಿ ಡಬ್ಬಿ ತಿಂತಾಳೆ" ಎಂದು ದೂರು ಹೇಳುತ್ತಾರೆ. ವೈದ್ಯನಿಗೆ ಆ ದೂರಿಗಿಂತ ಒಳ್ಳೆಯ ಸುಳಿವು ಬೇರೆ ಇಲ್ಲ.

ಆಹಾರವಲ್ಲದ್ದನ್ನು ತಿಂಗಳಿಗೂ ಹೆಚ್ಚು ಕಾಲ ಬಿಡದೆ ತಿನ್ನುವುದಕ್ಕೆ ವೈದ್ಯಕೀಯದಲ್ಲಿ 'ಪೈಕಾ' ಎಂದು ಹೆಸರು. ಸಿಕ್ಕಿದ್ದನ್ನೆಲ್ಲ ಕುಕ್ಕುವ, ಕಾಗೆಯ ಬಳಗದ ಒಂದು ಹಕ್ಕಿಯ ಲ್ಯಾಟಿನ್ ಹೆಸರು ಅದು. ಬಳಪ, ಹುತ್ತದ ಮಣ್ಣು, ಸುಣ್ಣ, ಇದ್ದಿಲು, ಬೂದಿ, ಮಡಕೆಯ ಚೂರು ಎಲ್ಲವೂ ಈ ಪಟ್ಟಿಗೆ ಸೇರುತ್ತವೆ. ಹಸಿ ಅಕ್ಕಿಯನ್ನು ಮುಷ್ಟಿಗಟ್ಟಲೆ ಮುಕ್ಕುವ ಹಂಬಲವೂ ಇದರ ಜಾತಿಯದೇ. ಬಸುರಿ ಮಣ್ಣು ಬೇಡಿದರೆ ಬಯಕೆ ಎನ್ನುತ್ತೇವೆ. ಬಾಲಕೃಷ್ಣನ ಕಥೆ ಕೇಳಿ ಬೆಳೆದ ನಮಗೆ ಮಗು ಮಣ್ಣು ತಿಂದರೆ ನಗು ಬರುತ್ತದೆ. ಎರಡು ವರ್ಷದೊಳಗಿನ ಕೂಸು ಸಿಕ್ಕಿದ್ದನ್ನು ಬಾಯಿಗಿಡುವುದು ಸಹಜವೇ. ಆ ವಯಸ್ಸು ದಾಟಿದ ಮೇಲೂ ನಿಲ್ಲದಿದ್ದರೆ ನಗುವ ವಿಷಯವಲ್ಲ.

"ಮೈಯಲ್ಲಿ ಸುಣ್ಣದ ಅಂಶ ಕಡಿಮೆಯಾಗಿದೆ, ಅದಕ್ಕೇ ತಿನ್ನುತ್ತಾಳೆ" ಎಂಬ ಮಾತು ಮನೆಗಳಲ್ಲಿ ಓಡಾಡುತ್ತದೆ. ಆದರೆ ಮೊದಲು ಅನುಮಾನಿಸಬೇಕಾದದ್ದು ಕಬ್ಬಿಣದ ಅಂಶದ ಕೊರತೆ, ಅಂದರೆ ರಕ್ತಹೀನತೆ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಇತ್ತು. ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಅದು ಶೇ. 65.5.

ದಿನವೂ ರಾಗಿಮುದ್ದೆ ಉಣ್ಣುವವರಿಗೆ ರಕ್ತ ಕಡಿಮೆಯಾಗುವುದು ಹೇಗೆ ಎಂದು ನೀವು ಕೇಳಬಹುದು. ರಾಗಿಯಲ್ಲಿ ಕಬ್ಬಿಣವಿದೆ, ಆದರೆ ಅದರಲ್ಲೇ ಇರುವ ಫೈಟೇಟ್, ಟ್ಯಾನಿನ್‌ಗಳು ಅದನ್ನು ಕರುಳು ಹೀರದಂತೆ ಕಟ್ಟಿಹಾಕುತ್ತವೆ. ಉಂಡ ಕೂಡಲೇ ಟೀ ಕುಡಿದರೆ ಸಿಗುವುದು ಇನ್ನೂ ಕಡಿಮೆ. ಮುದ್ದೆಯ ಜೊತೆ ಸೊಪ್ಪಿನ ಸಾರು, ಮೇಲೆ ನಿಂಬೆಹಣ್ಣೋ ನೆಲ್ಲಿಕಾಯೋ, ತಿನ್ನುವವರಾದರೆ ವಾರಕ್ಕೆ ಒಂದೆರಡು ಸಲ ಮಾಂಸ ಇರಲಿ. ಟೀ ಒಂದು ಗಂಟೆ ತಡೆಯಲಿ.

ಮಣ್ಣು ತಿಂದರೆ ಇದ್ದ ಕಬ್ಬಿಣವೂ ಅದಕ್ಕೆ ಅಂಟಿಕೊಂಡು ಹೊರಗೆ ಹೋಗುತ್ತದೆ. ಜಂತುಹುಳು ಸೇರುತ್ತದೆ, ಮಲಬದ್ಧತೆಯಾಗುತ್ತದೆ. ಹಳೆಯ ಗೋಡೆಯ ಬಣ್ಣದ ಚಕ್ಕೆ ತಿನ್ನುವ ಮಗುವಿಗೆ ಸೀಸದ ವಿಷವೇರಬಹುದು. ಕೂದಲು ತಿನ್ನುವ ಹುಡುಗಿಯರ ಹೊಟ್ಟೆಯಲ್ಲಿ ಕೂದಲುಂಡೆ ಕಟ್ಟಿ ಶಸ್ತ್ರಚಿಕಿತ್ಸೆ ಬೇಕಾಗುವುದೂ ಉಂಟು.

ಬೈಗುಳದಿಂದ ಆಗುವುದಿಷ್ಟೇ: ಎದುರಿಗೆ ತಿನ್ನುವುದನ್ನು ಕದ್ದು ತಿನ್ನುತ್ತಾಳೆ. ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಡೆಸಿಲೀಟರಿಗೆ 12 ಗ್ರಾಂಗಿಂತ, ಬಸುರಿಯಲ್ಲಿ 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. ವೈದ್ಯರು ಹೇಳಿದಂತೆ ಕಬ್ಬಿಣದ ಮಾತ್ರೆ ತೆಗೆದುಕೊಂಡರೆ ಎಷ್ಟೋ ಜನರಲ್ಲಿ ಒಂದೆರಡು ವಾರದಲ್ಲೇ, ರಕ್ತ ಏರುವ ಮೊದಲೇ, ಬಳಪದ ಹಂಬಲ ಇಳಿಯುತ್ತದೆ. ಹಾಗೆಂದು ಮಾತ್ರೆ ನಿಲ್ಲಿಸಬಾರದು. ರಕ್ತ ಸರಿಹೋದ ಮೇಲೂ ಸುಮಾರು ಮೂರು ತಿಂಗಳು ಬೇಕು. ಮಲ ಕಪ್ಪಾದರೆ ಹೆದರಬೇಡಿ, ಅದು ಮಾತ್ರೆಯ ಬಣ್ಣ. ರಕ್ತ ಸರಿಯಿದ್ದೂ ತಿನ್ನುವುದು ನಿಲ್ಲದಿದ್ದರೆ, ಅಥವಾ ಮಗುವಿನ ಬುದ್ಧಿ ಬೆಳವಣಿಗೆ ನಿಧಾನವಾಗಿದ್ದರೆ, ಬೇರೆ ಕಾರಣ ಹುಡುಕಬೇಕಾಗುತ್ತದೆ.

ಇನ್ನೊಂದು ಬಗೆಯಲ್ಲಿ ಹುಡುಗಿ ಏನೂ ಬೇಡ ಎನ್ನುತ್ತಾಳೆ. ಇದು ಸಿರಿವಂತ ದೇಶಗಳ ಕಾಯಿಲೆ ಎಂದು ಬಹುಕಾಲ ನಂಬಿದ್ದೆವು. ಬೆಂಗಳೂರಿನ ಮನೋವೈದ್ಯರನ್ನು ಕೇಳಿ ನಡೆಸಿ 2012ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದರಲ್ಲಿ ಸುಮಾರು ಮೂವರಲ್ಲಿ ಇಬ್ಬರು ಇಂಥ ಒಬ್ಬ ರೋಗಿಯನ್ನಾದರೂ ಕಂಡಿದ್ದಾಗಿ ಹೇಳಿದ್ದರು. ಮಾಲೂರಿನಿಂದ ಬೆಂಗಳೂರು ಎಷ್ಟು ದೂರ? ದಿನವೂ ರೈಲಿನಲ್ಲಿ ಹೋಗಿಬರುವ ಮಕ್ಕಳಿದ್ದಾರೆ.

ಅನೊರೆಕ್ಸಿಯಾ ಎಂಬ ಈ ಕಾಯಿಲೆಯಲ್ಲಿ ಹಸಿವಿರುತ್ತದೆ, ದಪ್ಪವಾಗುವ ಭಯ ಅದಕ್ಕಿಂತ ದೊಡ್ಡದಾಗಿರುತ್ತದೆ. ಮನೆಯಲ್ಲಿ ಅದು ನೆಪವಾಗಿ ಕಾಣಿಸುತ್ತದೆ: ಕಾಲೇಜಿನಲ್ಲೇ ತಿಂದೆ, ಗ್ಯಾಸ್ಟ್ರಿಕ್ ಆಗಿದೆ, ಇವತ್ತು ಉಪವಾಸ. ಒಂದು ವಾರದ ವ್ರತ ಮುಗಿಯುತ್ತದೆ, ಈ ಉಪವಾಸ ಮುಗಿಯುವುದಿಲ್ಲ. ಮೂಳೆ ಕಾಣುವಷ್ಟು ಇಳಿದರೂ ತಾನು ದಪ್ಪ ಎನ್ನುವುದು, ಮುಟ್ಟು ನಿಲ್ಲುವುದು, ಬಿಸಿಲಲ್ಲೂ ಚಳಿ, ಉದುರುವ ಕೂದಲು ಇವು ಲಕ್ಷಣಗಳು.

ಬುಲಿಮಿಯಾ ಪತ್ತೆಯಾಗುವುದು ಕಷ್ಟ, ಏಕೆಂದರೆ ತೂಕ ಮಾಮೂಲಾಗಿಯೇ ಇರಬಹುದು. ಒಮ್ಮೆಗೇ ವಿಪರೀತ ತಿಂದು, ಉಂಡ ಕೂಡಲೇ ಬಚ್ಚಲಿಗೆ ಹೋಗಿ ಬೆರಳು ಹಾಕಿ ವಾಂತಿ ಮಾಡುತ್ತಾರೆ, ಭೇದಿ ಮಾತ್ರೆ ನುಂಗುತ್ತಾರೆ. ಹಲ್ಲು ಸವೆದಿರುವುದು, ಮಂಗನಬಾವಿನಂತೆ ಕೆನ್ನೆ ಊದುವುದು, ಬೆರಳ ಗೆಣ್ಣಿನ ಮೇಲೆ ಜಡ್ಡು ಕಂಡರೆ ಗಮನಿಸಿ. ಪದೇ ಪದೇ ವಾಂತಿಯಾದರೆ ರಕ್ತದ ಪೊಟ್ಯಾಸಿಯಂ ಇಳಿದು ಹೃದಯದ ಬಡಿತವೇ ತಪ್ಪಬಹುದು. ಗುಟ್ಟಾಗಿ ಮಿತಿಮೀರಿ ತಿಂದು, ಆಮೇಲೆ ತಮ್ಮನ್ನೇ ಹಳಿದುಕೊಳ್ಳುವ ಮೂರನೆಯ ಬಗೆಯೂ ಇದೆ. ಇವೆಲ್ಲ ಗಂಡುಮಕ್ಕಳಿಗೂ ಬರುತ್ತವೆ.

ಹೀಗೆ ಇಳಿದುಹೋದ ಮಗಳಿಗೆ ಬಲವಂತದಿಂದ ಹೊಟ್ಟೆ ತುಂಬ ತುರುಕಬೇಡಿ. ಬಹಳ ದಿನ ಹಸಿದ ದೇಹಕ್ಕೆ ಒಮ್ಮೆಗೇ ಆಹಾರ ಬಿದ್ದರೆ ರಕ್ತದ ಲವಣಗಳು ದಿಢೀರನೆ ಕುಸಿದು ಜೀವಕ್ಕೇ ಅಪಾಯ. ಎಷ್ಟು ಕೊಡಬೇಕೆಂಬುದನ್ನು ವೈದ್ಯರು ಹೇಳಬೇಕು. ಮೂರ್ಛೆ, ಎದೆನೋವು, ವಾಂತಿಯಲ್ಲಿ ರಕ್ತ ಕಂಡರೆ, ನಾಡಿ ನಿಮಿಷಕ್ಕೆ 50ಕ್ಕಿಂತ ಕೆಳಗಿದ್ದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ನೆಂಟರ ಎದುರು "ಕಡ್ಡಿಯಂತಾಗಿದ್ದಾಳೆ", "ಡುಮ್ಮಿ" ಎಂಬ ಮಾತು ಬೇಡವೇ ಬೇಡ. ಮಾನಸಿಕ ಚಿಕಿತ್ಸೆ ಎಂದರೆ ಹುಚ್ಚೆಂದಲ್ಲ. ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗುವ ಮೊದಲು ವಿಚಾರಿಸಬೇಕೆನಿಸಿದರೆ, 2022ರಲ್ಲಿ ಆರಂಭವಾದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಫೋನ್ ಮಾಡಿ. ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ.