ಗಣಕಯಂತ್ರದೊಳಗೊಂದು ರಂಗಲಿಫ್ಟು

ಸೀತಾದೇವಿಯು ಭೂಗರ್ಭವನ್ನು ಸೇರುವ ದೃಶ್ಯವನ್ನು ರಂಗದ ಮೇಲೆ ಕಂಡವರು, ನೆಲ ಬಾಯ್ದೆರೆದದ್ದು ಹೇಗೆಂದು ಬೆರಗಾಗದೆ ಇರರು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯೂ, 1885ರಲ್ಲಿ ಕಡಪ ಜಿಲ್ಲೆಯ ಸುರಭಿ ಗ್ರಾಮದಲ್ಲಿ ಆರಂಭವಾದ ಸುರಭಿ ನಾಟಕ ಮಂಡಳಿಯೂ ರಂಗಚಮತ್ಕಾರಗಳಿಗೆ ಹೆಸರಾದವು. ಕನ್ನಡ, ತೆಲುಗು ಎರಡನ್ನೂ ಬಲ್ಲ ನಮ್ಮ ಕುಂದುರ್ಪಿ ಸೀಮೆಯವರಿಗೆ ಇವೆರಡೂ ಮನೆಯ ಹೆಸರುಗಳೇ. ಅಲ್ಲಿ ದುಡಿದದ್ದು ಹಗ್ಗ, ರಾಟೆ ಮತ್ತು ತೆರೆಮರೆಯ ತೋಳ್ಬಲ. ಅದೇ 1884ರಲ್ಲಿ ತೆರೆದ ಬುಡಾಪೆಸ್ಟಿನ ಅಪೆರಾ ಮಂದಿರದಲ್ಲಾದರೋ, ನೀರಿನ ಒತ್ತಡದಿಂದ ರಂಗವನ್ನೇ ಎತ್ತಿಳಿಸುವ ಯಂತ್ರವಿತ್ತು. 1881ರಲ್ಲಿ ವಿಯೆನ್ನಾದ ರಂಗಮಂದಿರವೊಂದು ಹೊತ್ತಿ ನೂರಾರು ಜನ ಮಡಿದ ಬಳಿಕ ರೂಪುಗೊಂಡ ಆ ವ್ಯವಸ್ಥೆಯ ಹೆಸರು 'ಆಸ್ಫಲೇಯಾ'. ಗ್ರೀಕ್ ಭಾಷೆಯಲ್ಲಿ ಸುರಕ್ಷತೆ ಎಂದರ್ಥ.

ಈಗ ದೊಡ್ಡ ರಂಗಮಂದಿರಗಳ ಲಿಫ್ಟುಗಳನ್ನು ಗಣಕಯಂತ್ರವು ನಡೆಸುತ್ತದೆ. ನಟನನ್ನು ಅದರ ಮೇಲೆ ನಿಲ್ಲಿಸುವುದಕ್ಕೆ ಮುನ್ನ, ಮೋಟಾರಿಲ್ಲದ ಲಿಫ್ಟೊಂದನ್ನು ತಂತ್ರಾಂಶದಲ್ಲಿ ಬರಿಯ ಲೆಕ್ಕವಾಗಿ ನಿರ್ಮಿಸಿ ಓಡಿಸಿ ನೋಡಬಹುದು. ಮೊದಲು ಸೊನ್ನೆ ಯಾವುದೆಂದು ಗೊತ್ತುಮಾಡಬೇಕು. ರಂಗದ ನೆಲ 0 ಆದರೆ, 3 ಮೀಟರ್ ಆಳದ ನೆಲಮಾಳಿಗೆ -3. ಇವೆರಡರಾಚೆ ಹೋಗಕೂಡದೆಂದು ಮೇಲಣ ಕೆಳಗಣ ಎಲ್ಲೆಗಳನ್ನು ಬರೆಯಬೇಕು. ಅನಂತರ ವೇಗ. ಸೆಕೆಂಡಿಗೆ 0.3 ಮೀಟರ್ ಎಂದಿಟ್ಟರೆ 3 ಮೀಟರಿಗೆ 10 ಸೆಕೆಂಡು ಸಾಕೆಂದು ಹುಡುಗರು ಥಟ್ಟನೆ ಹೇಳಿಯಾರು; ಅದು ತಪ್ಪು. ನಿಂತ ಲಿಫ್ಟು ಒಮ್ಮೆಗೇ ಆ ವೇಗಕ್ಕೆ ನೆಗೆದರೆ ನಟ ಮುಗ್ಗರಿಸುತ್ತಾನೆ. ವೇಗವು ಸೆಕೆಂಡಿಗೆ 0.1ರಂತೆ ಏರಲಿ. ಪೂರ್ಣ ವೇಗಕ್ಕೆ 3 ಸೆಕೆಂಡು, ಅಷ್ಟರಲ್ಲಿ ಕ್ರಮಿಸುವುದು 0.45 ಮೀಟರ್, ನಿಲ್ಲುವಾಗಲೂ ಅಷ್ಟೇ. ನಡುವಣ 2.1 ಮೀಟರಿಗೆ 7 ಸೆಕೆಂಡು. ಒಟ್ಟು 13. ಹಾರ್ಮೋನಿಯಂ ನುಡಿಸುವವನು ಈ 3 ಸೆಕೆಂಡುಗಳನ್ನು ಮೊದಲೇ ತಿಳಿದಿದ್ದರೆ ಒಳ್ಳೆಯದು.

ಎಲ್ಲಕ್ಕಿಂತ ಮುಖ್ಯವಾದುದು ಪರಸ್ಪರ ನಿರ್ಬಂಧ. ಲಿಫ್ಟು ಇಳಿದಾಗ ರಂಗದ ನಡುವೆ ಕಟ್ಟೆಯಿಲ್ಲದ ಬಾವಿ ಬಾಯ್ದೆರೆಯುತ್ತದೆ. ಆದ್ದರಿಂದ ಮೇಲಿನ ಜಾರುಬಾಗಿಲು ಪೂರ್ಣ ತೆರೆಯದೆ ಲಿಫ್ಟು ಏರಕೂಡದು. ಲಿಫ್ಟು ಇಳಿದ ಮೇಲೆ ಬಾಗಿಲು ಮುಚ್ಚದೆ ಮುಂದಿನ ದೃಶ್ಯದ ಅಪ್ಪಣೆ ಹೊರಡಕೂಡದು. ಈ ಷರತ್ತುಗಳನ್ನು ಬೇಕೆಂದೇ ಮುರಿದು ನೋಡಲು ಲೆಕ್ಕದ ಲಿಫ್ಟೇ ಯೋಗ್ಯ. ಅಲ್ಲಿ ಯಾರ ಕಾಲೂ ಮುರಿಯದು.

ಆದರೆ ಅಂಚಿನಲ್ಲಿ ಸಿಕ್ಕಿದ ಸೀರೆಯ ಸೆರಗು ಲೆಕ್ಕಕ್ಕೆ ಕಾಣದು. ಆದಕಾರಣ ನಿಜವಾದ ಲಿಫ್ಟಿಗೆ ಎಲ್ಲೆಯ ಸ್ವಿಚ್ಚುಗಳೂ, ತಂತ್ರಾಂಶವನ್ನು ನೆಚ್ಚದೆ ವಿದ್ಯುತ್ತನ್ನೇ ಕಡಿಯುವ ತುರ್ತು ಗುಂಡಿಯೂ ಬೇರೆಯಾಗಿಯೇ ಇರಬೇಕು. ಜೊತೆಗೆ, ಲಿಫ್ಟನ್ನು ಕಣ್ಣಾರೆ ಕಾಣುವೆಡೆಯಲ್ಲಿ ಒಬ್ಬ ಮನುಷ್ಯ ಚಾಲನೆಯ ಗುಂಡಿಯನ್ನು ಒತ್ತಿಹಿಡಿದೇ ನಿಂತಿರುತ್ತಾನೆ. ಅವನು ಬೆರಳೆತ್ತಿದೊಡನೆ ಲಿಫ್ಟು ನಿಲ್ಲುತ್ತದೆ.