ಟರ್ಬೊ ಕಾರಿನ ಗ್ಯಾಸ್ಕೆಟ್: ಆಕಾರ ನೋಡಿ ಅಲ್ಲ, ನಂಬರು ನೋಡಿ ಕೊಳ್ಳಿ

ನಮ್ಮ ಭಾಗದ ತೋಟದ ಮನೆಗಳ ಅಂಗಳದಲ್ಲಿ ಒಂದು ಕಾಲಕ್ಕೆ ಡೀಸೆಲ್ ಜೀಪು ಬಿಟ್ಟರೆ ಬೇರೆ ವಾಹನ ಕಾಣುತ್ತಿದ್ದುದು ಅಪರೂಪ. ಈಗ ಹಾಗಿಲ್ಲ. ಗೊಬ್ಬರ, ಗೊನೆ, ಕಾಫಿ ಚೀಲಗಳಿಗೆ ಜೀಪು ಇದ್ದೇ ಇದೆ. ಮಕ್ಕಳ ಶಾಲೆಗೆ, ಆಸ್ಪತ್ರೆಗೆ, ಪೇಟೆ ಕೆಲಸಕ್ಕೆ ಪೆಟ್ರೋಲ್ ಕಾರು ಬಂದಿದೆ. ಅವುಗಳಲ್ಲಿ ಅನೇಕ ಕಾರುಗಳಿಗೆ ಟರ್ಬೊ ಇದೆ. ಸಣ್ಣ ಎಂಜಿನ್ನಿನಿಂದ ಘಾಟಿ ಹತ್ತುವ ಶಕ್ತಿ ಪಡೆಯಲು ಕಂಪನಿಗಳು ಕಂಡುಕೊಂಡಿರುವ ಉಪಾಯ ಇದು. ಇಂತಹ ಕಾರುಗಳು ಐದಾರು ವರ್ಷ ಓಡಿ, ಖಾತರಿಯ ಅವಧಿ ಮುಗಿಸಿ, ತಾಲ್ಲೂಕು ಕೇಂದ್ರದ ವರ್ಕ್‌ಶಾಪುಗಳಿಗೆ ಬರತೊಡಗಿವೆ. ಅದರೊಡನೆ ಒಂದು ಹೊಸ ತಾಪತ್ರಯವೂ ಬಂದಿದೆ. ಟರ್ಬೊ ಬಿಚ್ಚಿ ಕಟ್ಟುವಾಗ ಹಾಕುವ ಗ್ಯಾಸ್ಕೆಟ್, ಅಂದರೆ ನಮ್ಮ ಮೆಕ್ಯಾನಿಕರ ಮಾತಿನಲ್ಲಿ ಪ್ಯಾಕಿಂಗ್, ಸರಿಯಾದುದು ಸಿಗದೆ ಕೈಗೆ ಸಿಕ್ಕಿದ್ದನ್ನು ಹಾಕುವುದು. ಈ ಸಂಬಂಧ ಹಲವು ಸದಸ್ಯರು ಕೇಳಿರುವುದರಿಂದ, ನಾವು ತಿಳಿದುಕೊಂಡಿರುವ ವಿಷಯಗಳನ್ನು ಇಲ್ಲಿ ಕೊಡುತ್ತಿದ್ದೇವೆ.

ಟರ್ಬೊ ಮಾಡುವ ಕೆಲಸ

ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆಯ ರಭಸ ಒಂದು ಸಣ್ಣ ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯಲ್ಲಿರುವ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಹೆಚ್ಚು ಗಾಳಿ ಹೋದರೆ ಹೆಚ್ಚು ಪೆಟ್ರೋಲ್ ಉರಿದು ಹೆಚ್ಚು ಶಕ್ತಿ ದೊರೆಯುತ್ತದೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್‌ಫ್ರೆಡ್ ಬ್ಯೂಷಿ 1905ರಲ್ಲೇ ಈ ತತ್ವಕ್ಕೆ ಪೇಟೆಂಟ್ ಪಡೆದಿದ್ದರು. ಪೆಟ್ರೋಲ್ ಕಾರುಗಳಲ್ಲಿ ಅದು ಮಾರಾಟಕ್ಕೆ ಬಂದುದು 1962ರಲ್ಲಿ, ಅಮೆರಿಕದಲ್ಲಿ. ಸಣ್ಣ ಪೆಟ್ರೋಲ್ ಕಾರಿನ ಟರ್ಬೊ ದಂಡ ನಿಮಿಷಕ್ಕೆ 2 ಲಕ್ಷ ಸುತ್ತಿಗೂ ಮೀರಿ ತಿರುಗುವುದುಂಟು. ಅದು ಎಣ್ಣೆಯ ತೆಳು ಪದರದ ಮೇಲೆ ತೇಲಿಕೊಂಡು ತಿರುಗುವುದರಿಂದ, ಎಣ್ಣೆ ಕ್ಷಣಕಾಲ ತಪ್ಪಿದರೂ ಬೇರಿಂಗ್ ಉಳಿಯುವುದಿಲ್ಲ.

ಒಂದು ಟರ್ಬೊಗೆ ಒಂದೇ ಗ್ಯಾಸ್ಕೆಟ್ ಎಂದು ತಿಳಿಯಬಾರದು. ಎಂಜಿನ್ ಹೆಡ್ಡಿಗೂ ಮ್ಯಾನಿಫೋಲ್ಡಿಗೂ ನಡುವೆ ಒಂದು, ಮ್ಯಾನಿಫೋಲ್ಡಿಗೂ ಟರ್ಬೊಗೂ ನಡುವೆ ಒಂದು, ಟರ್ಬೊದಿಂದ ಸೈಲೆನ್ಸರಿನ ಕಡೆಗೆ ಹೋಗುವ ಕೊಳವೆಗೆ ಒಂದು. ಇವು ಬಿಸಿ ಹೊಗೆಯ ಕಡೆಯವು. ಎಣ್ಣೆ ಒಳಬರುವ ಕೊಳವೆಗೆ ತಾಮ್ರದ ಅಥವಾ ಅಲ್ಯುಮಿನಿಯಂ ವಾಷರುಗಳು, ಎಣ್ಣೆ ಇಳಿದುಹೋಗುವ ಕೊಳವೆಗೆ ಇನ್ನೊಂದು ಗ್ಯಾಸ್ಕೆಟ್. ನೀರಿನಿಂದ ತಂಪಾಗುವ ಟರ್ಬೊ ಆದರೆ ಅದರ ಕೊಳವೆಗಳಿಗೂ ವಾಷರುಗಳು. ಗಾಳಿಯ ಕಡೆಗೆ ರಬ್ಬರ್ ರಿಂಗು. ಆದುದರಿಂದ ಅಂಗಡಿಗೆ ಹೋಗಿ ಬರಿದೇ ‘ಟರ್ಬೊ ಗ್ಯಾಸ್ಕೆಟ್ ಕೊಡಿ’ ಎಂದರೆ ಯಾವ ಜಾಗದ್ದು ಎಂಬುದು ಅಂಗಡಿಯವನಿಗೂ ತಿಳಿಯದು.

ಸೋರುವುದು ಎಲ್ಲಿ ಎಂಬುದು ಮೊದಲು

ಬೆಳಗ್ಗೆ ತಣ್ಣಗಿರುವ ಎಂಜಿನ್ ಚಾಲು ಮಾಡಿದಾಗ ಟಿಕ್ ಟಿಕ್ ಎಂಬ ಸದ್ದು ಬಂದು, ಬಿಸಿಯಾದ ಮೇಲೆ ಕಡಿಮೆಯಾದರೆ ಅದು ಹೊಗೆ ಸೋರುವ ಲಕ್ಷಣ. ಲೋಹ ಬಿಸಿಯಲ್ಲಿ ಹಿಗ್ಗಿ ಸಂದು ಮುಚ್ಚಿಕೊಳ್ಳುವುದೇ ಇದಕ್ಕೆ ಕಾರಣ. ಜೋಡಣೆಯ ಅಂಚಿನಲ್ಲಿ ಮಸಿಯ ಗೆರೆ, ಏರಿನಲ್ಲಿ ಹಿಂದಿನ ಎಳೆತ ಇಲ್ಲದಿರುವುದು, ಕಾರಿನೊಳಗೆ ಹೊಗೆಯ ವಾಸನೆ ಇವೂ ಗುರುತುಗಳು. ಸೈಲೆನ್ಸರಿನಲ್ಲಿ ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ ಎಂದರ್ಥ; ಅದಕ್ಕೆ ಕಾರಣ ಬೇರೆ ಇರಬಹುದು.

ಇಲ್ಲಿ ಒಂದು ಎಚ್ಚರಿಕೆ. ಈ ಪರೀಕ್ಷೆಯನ್ನು ಮುಚ್ಚಿದ ಶೆಡ್ಡಿನಲ್ಲಿ ಮಾಡಕೂಡದು. ಪೆಟ್ರೋಲ್ ಎಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಳೆಗಾಲದಲ್ಲಿ ಗಾಜು ಏರಿಸಿಕೊಂಡು ಗಂಟೆಗಟ್ಟಲೆ ಘಾಟಿಯಲ್ಲಿ ಹೋಗುವ ನಮಗೆ ಇದು ಸಣ್ಣ ವಿಷಯವಲ್ಲ. ತಲೆ ಭಾರ, ವಾಕರಿಕೆ ಬಂದರೆ ಘಾಟಿಯ ತಿರುವೇ ಕಾರಣ ಎಂದು ಸುಮ್ಮನಾಗದೆ, ಗಾಡಿ ನಿಲ್ಲಿಸಿ ಎಲ್ಲರೂ ಕೆಳಗಿಳಿದು ಗಾಳಿಗೆ ಬರಬೇಕು.

ಒಬ್ಬ ಸದಸ್ಯರ ಅನುಭವ

ಕಳೆದ ಮಳೆಗಾಲದಲ್ಲಿ ನಮ್ಮ ಹಿರಿಯ ಸದಸ್ಯರೊಬ್ಬರ ಪೆಟ್ರೋಲ್ ಕಾರಿಗೆ ಒಂದು ವರ್ಕ್‌ಶಾಪಿನಲ್ಲಿ ಮ್ಯಾನಿಫೋಲ್ಡಿಗೂ ಟರ್ಬೊಗೂ ನಡುವಿನ ಗ್ಯಾಸ್ಕೆಟ್ ಬದಲಿಸಿದರು. ಹಾಕಿದ್ದು ಡೀಸೆಲ್ ಗಾಡಿಯದು. ಇವರು ಪ್ರಶ್ನಿಸಿದಾಗ ಬಂದ ಉತ್ತರ: “ಗೌಡ್ರೇ, ತೂತಿಗೆ ತೂತು ಕೂರ್ತದೆ, ಇನ್ನೇನು ಬೇಕು?” ತೂತಿಗೆ ತೂತು ಕೂತದ್ದು ನಿಜ. ಆದರೆ ನಡುವಿನ ಹೊಗೆಯ ದಾರಿ ಕಿರಿದಾಗಿತ್ತು, ಗ್ಯಾಸ್ಕೆಟಿನ ಒಳ ಅಂಚು ಬೆಂಕಿಯಂತಹ ಹೊಗೆಗೆ ಚಾಚಿಕೊಂಡಿತ್ತು. ಮೂರನೆಯ ವಾರಕ್ಕೆ ಅಂಚು ಸುಟ್ಟು ಮತ್ತೆ ಸೋರತೊಡಗಿತು. ಮನೆಯವರನ್ನು ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ದು ಹಿಂತಿರುಗುವಾಗ ಘಾಟಿಯ ನಡುವೆ ಕಾರು ಎಳೆಯದೆ, ರಾತ್ರಿ ಬೇರೊಂದು ಗಾಡಿ ತರಿಸಿಕೊಳ್ಳಬೇಕಾಯಿತು. ಎರಡನೆಯ ಸಲ ಬಿಚ್ಚುವಾಗ ಸ್ಟಡ್ಡುಗಳೆರಡು ಮುರಿದು, ಲೇತ್ ಅಂಗಡಿಯ ಖರ್ಚೂ ಸೇರಿತು.

ಪಂಪ್‌ಸೆಟ್ಟಿಗೆ ಸೈಕಲ್ ಟ್ಯೂಬ್ ಕತ್ತರಿಸಿ ಪ್ಯಾಕಿಂಗ್ ಹಾಕಿ ನಮಗೆಲ್ಲ ರೂಢಿ. ಬೋರ್ಡೋ ಸಿಂಪಡಿಸುವ ಪಂಪಿಗೂ ಅಷ್ಟೆ, ಹಾಳೆ ಇಟ್ಟು ಸುತ್ತಿಗೆಯಲ್ಲಿ ತಟ್ಟಿ ಆಕಾರ ತೆಗೆಯುತ್ತೇವೆ. ಅಲ್ಲಿ ಹರಿಯುವುದು ತಣ್ಣೀರು. ಹಾಳಾದರೆ ನಾಲ್ಕು ಹನಿ ನೀರು ಸುರಿದೀತು. ಟರ್ಬೊದಲ್ಲಿ ಆ ಲೆಕ್ಕಾಚಾರ ನಡೆಯುವುದಿಲ್ಲ.

ಡೀಸೆಲಿನದು ಪೆಟ್ರೋಲಿಗೆ ಏಕೆ ಆಗದು

ಡೀಸೆಲ್ ಎಂಜಿನ್ ಉರಿಯಲು ಬೇಕಾದುದಕ್ಕಿಂತ ಹೆಚ್ಚು ಗಾಳಿ ಎಳೆದುಕೊಳ್ಳುವುದರಿಂದ ಅದರ ಹೊಗೆ ಅಷ್ಟರಮಟ್ಟಿಗೆ ತಂಪು. ಪೂರ್ಣ ಭಾರದಲ್ಲಿ ಸುಮಾರು 800 ಡಿಗ್ರಿ ಸೆಲ್ಷಿಯಸ್. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿಯೂ ಇಂಧನವೂ ಲೆಕ್ಕಕ್ಕೆ ಸರಿಯಾಗಿ ಬೆರೆಯುವುದರಿಂದ ಹೊಗೆ 950 ಡಿಗ್ರಿ ಮುಟ್ಟುವುದುಂಟು. ಈ ಬಿಸಿಗೆ ಹೊಗೆಯ ಕಡೆಯ ಗ್ಯಾಸ್ಕೆಟುಗಳನ್ನು ತೆಳು ಉಕ್ಕಿನ ಹಲವು ಪದರಗಳಿಂದ, ಶಾಖ ತಡೆಯುವ ವಿಶೇಷ ಲೋಹಗಳಿಂದ ಮಾಡುತ್ತಾರೆ. ಮೇಲ್ಮೈಯಲ್ಲಿ ಕಾಣುವ ಉಬ್ಬುಗೆರೆಗಳು ಅಂದಕ್ಕಾಗಿ ಇಟ್ಟವಲ್ಲ; ಬಿಗಿದಾಗ ಅವು ಸ್ಪ್ರಿಂಗಿನಂತೆ ಒತ್ತಿಕೊಂಡು ಸಂದು ಮುಚ್ಚುತ್ತವೆ. ಗ್ರಾಫೈಟ್ ಹಾಳೆಗೆ ಗಾಳಿ ತಾಗುವ ಕಡೆ 450ರಿಂದ 500 ಡಿಗ್ರಿ ದಾಟಿದರೆ ಮೆಲ್ಲಗೆ ಉರಿದುಹೋಗುವ ಗುಣವಿದೆ. ಕಾಗದದ, ನಾರಿನ ಹಾಳೆಗಳ ಮಾತಂತೂ ಬೇಡ. ಯಾವ ಜಾಗಕ್ಕೆ ಕಂಪನಿ ಯಾವ ವಸ್ತು ಕೊಟ್ಟಿದೆಯೋ ಅದನ್ನೇ ಹಾಕತಕ್ಕದ್ದು.

ಹೆಸರು ಒಂದೇ, ಎಂಜಿನ್ ಬೇರೆ

ಕಾರಿನ ಹೆಸರು ಹೇಳಿ ಗ್ಯಾಸ್ಕೆಟ್ ಕೇಳುವುದೂ ಸಾಲದು. 2017ರಲ್ಲಿ ಬಂದ ಟಾಟಾ ನೆಕ್ಸಾನ್ ಪೆಟ್ರೋಲಿನಲ್ಲೂ ಡೀಸೆಲಿನಲ್ಲೂ ಸಿಕ್ಕಿದೆ, ಪೆಟ್ರೋಲ್ 1.2 ಲೀಟರ್, ಡೀಸೆಲ್ 1.5 ಲೀಟರ್, ಎರಡಕ್ಕೂ ಟರ್ಬೊ ಇದೆ. ಫೋಕ್ಸ್‌ವ್ಯಾಗನ್ ಪೋಲೊ ಕಾರಿನ 2013ರ ಟಿಎಸ್‌ಐ ಎಂಜಿನ್ 1.2 ಲೀಟರಿನ ನಾಲ್ಕು ಸಿಲಿಂಡರಿನದು, 2020ರದು 1 ಲೀಟರಿನ ಮೂರು ಸಿಲಿಂಡರಿನದು. ಈ ಎರಡನೆಯದರಲ್ಲಿ ಮ್ಯಾನಿಫೋಲ್ಡ್ ಹೆಡ್ಡಿನೊಳಗೇ ಎರಕವಾಗಿದ್ದು, ಟರ್ಬೊ ನೇರವಾಗಿ ಹೆಡ್ಡಿಗೆ ಕೂರುತ್ತದೆ. ಬೇರೆ ಮ್ಯಾನಿಫೋಲ್ಡ್ ಇರುವ ಎಂಜಿನ್ನಿನ ಗ್ಯಾಸ್ಕೆಟ್ ಅಲ್ಲಿ ಕೇಳುವುದೇ ಅರ್ಥವಿಲ್ಲದ್ದು. ಮಾರುತಿಯ 1 ಲೀಟರ್ ಬೂಸ್ಟರ್‌ಜೆಟ್ ಎಂಜಿನ್ 2017ರಲ್ಲಿ ಬಲೆನೊ ಆರ್‌ಎಸ್ ಕಾರಿನಲ್ಲೂ 2023ರಲ್ಲಿ ಫ್ರಾಂಕ್ಸ್ ಕಾರಿನಲ್ಲೂ ಬಂದಿತು. ನಡುವೆ 2020ರ ಏಪ್ರಿಲ್ 1ರಂದು ಬಿಎಸ್ 6 ಹೊಗೆ ನಿಯಮ ಜಾರಿಗೆ ಬಂದಿದೆ. ಎಂಜಿನ್ನಿನ ಹೆಸರು ಒಂದೇ ಇದ್ದರೂ ಹೊಗೆ ಕೊಳವೆಯ ಜೋಡಣೆ ಒಂದೇ ಎಂದು ನಂಬರು ನೋಡದೆ ತೀರ್ಮಾನಿಸಲಾಗದು.

ನೋಡತಕ್ಕ ನಂಬರುಗಳು

ಮೊದಲನೆಯದು ಆರ್.ಸಿ.ಯಲ್ಲಿ ಇರುವ 17 ಅಕ್ಷರ-ಅಂಕಿಗಳ ಚಾಸಿಸ್ ನಂಬರು. ಅದರ ಮೂಲಕ ಕಂಪನಿಯ ಬಿಡಿಭಾಗದ ಅಂಗಡಿಯವರು ನಿಮ್ಮ ಗಾಡಿಗೆ ಹಾಕಿರುವ ಗ್ಯಾಸ್ಕೆಟಿನ ನಂಬರನ್ನು ತೆಗೆಯಬಲ್ಲರು. ಎರಡನೆಯದು ಎಂಜಿನ್ ನಂಬರು. ಮೂರನೆಯದು ಟರ್ಬೊದ ಮೈಮೇಲೆ ಪುಟ್ಟ ತಗಡಿನಲ್ಲಿ ಅಥವಾ ಲೋಹದಲ್ಲೇ ಕೊರೆದಿರುವ ನಂಬರು. ಟರ್ಬೊವನ್ನು ಹಿಂದೆಂದಾದರೂ ಬದಲಿಸಿದ್ದರೆ, ಮುಖ್ಯವಾಗಿ ಹಳೆಯ ಕಾರು ಕೊಂಡವರು, ಈ ಮೂರನೆಯದನ್ನು ನೋಡಲೇಬೇಕು. ಅದು ಮಸಿ ಹಿಡಿದಿದ್ದರೆ, ಎಂಜಿನ್ ತಣ್ಣಗಾದ ಮೇಲೆ ಬಟ್ಟೆಯಲ್ಲಿ ಒರಸಿ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು. ನಂಬರಿನ ಕೊನೆಯ ಒಂದೆರಡು ಅಂಕಿ ಬಿಟ್ಟು ಓದಬಾರದು. ಭೇದ ಇರುವುದು ಬಹಳ ಸಲ ಅಲ್ಲಿಯೇ. ಕಂಪನಿ ಹಳೆಯ ನಂಬರನ್ನು ನಿಲ್ಲಿಸಿ ಹೊಸದು ಕೊಟ್ಟಿರುವುದೂ ಉಂಟು. ಹಾಗಿದ್ದರೆ ಹೊಸ ನಂಬರು ಹಳೆಯದರ ಬದಲಿಗೆ ಬಂದುದೆಂದು ಅವರ ಪಟ್ಟಿಯಲ್ಲಿ ತೋರಿಸಲು ಕೇಳಬೇಕು.

ಕೈಯಲ್ಲಿ ಹಿಡಿದು ನೋಡುವುದು

ನಂಬರು ಸರಿಹೋದ ಮೇಲೂ ಹಳೆಯ ಗ್ಯಾಸ್ಕೆಟ್ ಪಕ್ಕಕ್ಕಿಟ್ಟು ನೋಡತಕ್ಕದ್ದು. ಬಿಚ್ಚಿದ ಗ್ಯಾಸ್ಕೆಟನ್ನು ಎಸೆಯಬಾರದೆಂದು ಮೆಕ್ಯಾನಿಕರಿಗೆ ಮೊದಲೇ ಹೇಳಿರಬೇಕು. ಬೋಲ್ಟಿನ ತೂತುಗಳ ಸಂಖ್ಯೆ ಮತ್ತು ಅಂತರ, ಹೊಗೆಯ ದಾರಿಯ ಅಗಲ, ಕಿವಿಯಂತೆ ಚಾಚಿರುವ ಭಾಗದ ದಿಕ್ಕು ಒಂದೇ ಇರಬೇಕು. ದಾರಿ ಕಿರಿದಾದರೆ ಅಂಚು ಸುಡುತ್ತದೆ. ಅಗಲವಾದರೆ ಒತ್ತಿಕೊಳ್ಳುವ ಜಾಗ ಕಡಿಮೆಯಾಗುತ್ತದೆ. ದಪ್ಪವನ್ನು ಮಾತ್ರ ಹಳೆಯದರೊಡನೆ ಹೋಲಿಸಿ ಪ್ರಯೋಜನವಿಲ್ಲ, ಹಳೆಯದು ಒತ್ತಿ ತೆಳ್ಳಗಾಗಿರುತ್ತದೆ. ಸೋರಿಕೆ ನಿಲ್ಲಲೆಂದು ದಪ್ಪನೆಯದನ್ನು ಆರಿಸುವುದಾಗಲಿ, ಎರಡು ಗ್ಯಾಸ್ಕೆಟ್ ಒಂದರ ಮೇಲೊಂದು ಇಡುವುದಾಗಲಿ ಕೂಡದು. ಲೋಹದ ಮುಖವೇ ಸೊಟ್ಟಗಾಗಿದ್ದರೆ ಯಾವ ಗ್ಯಾಸ್ಕೆಟೂ ನಿಲ್ಲದು. ನೇರ ಪಟ್ಟಿ ಇಟ್ಟು ಫೀಲರ್ ಗೇಜಿನಿಂದ ಪರೀಕ್ಷಿಸಿ, ಬೇಕಿದ್ದರೆ ಮುಖ ಸಮ ಮಾಡಿಸಬೇಕು.

ಎಣ್ಣೆಯ ವಾಷರುಗಳು, ರಬ್ಬರ್ ರಿಂಗುಗಳು, ಸ್ಟಡ್ಡಿನ ನಟ್ಟುಗಳು ಹೊಸವೇ ಇರಲಿ. ಒಮ್ಮೆ ಒತ್ತಿದ ವಾಷರ್ ಎರಡನೆಯ ಸಲ ಹಿಂದಿನಂತೆ ಕೂರುವುದಿಲ್ಲ, ಮತ್ತು ಕಾದ ಟರ್ಬೊ ಮೇಲೆ ಎಣ್ಣೆ ಸೋರಿದರೆ ಬೆಂಕಿಯ ಭಯ. ಗ್ಯಾಸ್ಕೆಟ್ ಪೇಸ್ಟನ್ನು, ಕಂಪನಿಯ ಪುಸ್ತಕದಲ್ಲಿ ಹೇಳಿಲ್ಲದ ಕಡೆ, ಹಚ್ಚಲೇಬಾರದು. ಹೊಗೆಯ ಕಡೆ ಅದು ಸುಟ್ಟುಹೋಗುತ್ತದೆ. ಎಣ್ಣೆ ಇಳಿಯುವ ಕೊಳವೆಯಲ್ಲಿ ಇನ್ನೂ ಕೆಟ್ಟದ್ದು: ಅಲ್ಲಿ ಎಣ್ಣೆ ಒತ್ತಡವಿಲ್ಲದೆ ತನ್ನ ತೂಕದಿಂದಲೇ ಇಳಿಯುತ್ತದೆ. ಹಿಂಡಿ ಒಳಬಂದ ಪೇಸ್ಟು ದಾರಿ ಕಟ್ಟಿದರೆ ಎಣ್ಣೆ ಮೇಲೇರಿ, ಸೀಲು ದಾಟಿ, ನೀಲಿ ಹೊಗೆಯಾಗಿ ಹೊರಬರುತ್ತದೆ. ಆಗ ‘ಟರ್ಬೊ ಹೋಯಿತು’ ಎಂದು ಹೊಸ ಟರ್ಬೊ ಮಾರುವವರೂ ಇದ್ದಾರೆ.

ಕಟ್ಟುವಾಗ ಎಂಜಿನ್ ತಣ್ಣಗಿರಲಿ. ನಟ್ಟುಗಳನ್ನು ಪುಸ್ತಕದಲ್ಲಿ ಹೇಳಿದ ಕ್ರಮದಲ್ಲಿ, ಹಂತಹಂತವಾಗಿ, ಟಾರ್ಕ್ ರೆಂಚಿನಿಂದಲೇ ಬಿಗಿಯಬೇಕು. ಚಾಲು ಮಾಡುವ ಮೊದಲು ಟರ್ಬೊದ ಎಣ್ಣೆ ದಾರಿಗೆ ಶುದ್ಧ ಎಣ್ಣೆ ತುಂಬಿಸಿ, ಕೆಲವು ನಿಮಿಷ ನಿಧಾನಗತಿಯಲ್ಲಿ ಓಡಿಸಿ ಸೋರಿಕೆ ನೋಡಬೇಕು.

ಹೊಸ ಗ್ಯಾಸ್ಕೆಟ್ ಬಾಳಿಕೆ ಬರಬೇಕಾದರೆ ನಮ್ಮ ಕಡೆಯಿಂದಲೂ ಎರಡು ಕೆಲಸಗಳಾಗಬೇಕು. ಘಾಟಿ ಹತ್ತಿ ಬಂದ ಕೂಡಲೇ ಕೀಲಿ ತಿರುಗಿಸದೆ ಒಂದೆರಡು ನಿಮಿಷ ಎಂಜಿನ್ ನಿಧಾನವಾಗಿ ಓಡಲಿ. ಸಿಂಪಡಿಸುವ ಪಂಪಿನಿಂದ ಕಾದ ಎಂಜಿನ್ನಿಗೆ ನೀರು ಹೊಡೆದು ತೊಳೆಯುವ ಅಭ್ಯಾಸವಿದ್ದರೆ ಅದನ್ನು ಬಿಡುವುದು ಮೇಲು. ಕೆಂಪಗೆ ಕಾದ ಲೋಹ ಒಮ್ಮೆಲೇ ತಣಿದರೆ ಸೊಟ್ಟಗಾಗುತ್ತದೆ, ಸೀಳುವುದೂ ಉಂಟು.

ಗ್ಯಾಸ್ಕೆಟಿನ ಬೆಲೆ ಟರ್ಬೊ ಬೆಲೆಯ ಮುಂದೆ ಬಹಳ ಅಲ್ಪ. ಆದರೆ ಅದನ್ನು ಹಾಕಲು ಬಿಚ್ಚುವ ಕೂಲಿ ಪ್ರತಿಸಲವೂ ಅಷ್ಟೇ. ಆದ್ದರಿಂದ ಸರಿಯಾದುದು ಬರಲು ನಾಲ್ಕು ದಿನ ಹಿಡಿದರೂ ಕಾಯುವುದು ಲಾಭ. ಮೊಹರು ಮಾಡಿದ ಪೊಟ್ಟಣದಲ್ಲೇ ಕೊಳ್ಳಿ, ಪೊಟ್ಟಣದ ನಂಬರು ಬಿಲ್ಲಿನಲ್ಲೂ ಬರೆದಿರಲಿ. ಖಾತರಿ ಇನ್ನೂ ಮುಗಿಯದ ಕಾರಾದರೆ ಕಂಪನಿಯ ಸರ್ವೀಸ್ ಕೇಂದ್ರಕ್ಕೇ ಒಯ್ಯಿರಿ.

ಸದಸ್ಯ ಬಾಂಧವರು ಆರ್.ಸಿ.ಯ ಪ್ರತಿ, ಟರ್ಬೊ ನಂಬರಿನ ಚಿತ್ರ, ಸೋರುವ ಜಾಗದ ವಿವರ ಇವಿಷ್ಟನ್ನು ಸಂಘದ ಕಚೇರಿಗೆ ತಂದುಕೊಟ್ಟರೆ, ಬಿಡಿಭಾಗದ ಅಂಗಡಿಯಿಂದ ಸರಿಯಾದ ನಂಬರು ವಿಚಾರಿಸಿ ಬರೆದುಕೊಡಲು ನಾವು ಸಿದ್ಧರಿದ್ದೇವೆ. ಕೊಯ್ಲಿನ ಓಡಾಟ ಆರಂಭವಾಗುವ ಮುಂಚೆಯೇ ಕಾರನ್ನು ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ವಿನಂತಿ.