ಹತ್ತು ಪರ್ಸೆಂಟ್ ಲೆಕ್ಕ ಎಲ್ಲರಿಗೂ ಗೊತ್ತು, ಬರೆಯೋದನ್ನ ಕಲಿಸೋರು ಯಾರು?

ಕಳೆದ ತಿಂಗಳು ಬೈಕಂಪಾಡಿಯ ಒಂದು ಹೋಟೆಲ್‌ನಲ್ಲಿ ಚಾ ಕುಡಿಯುತ್ತಾ ಕೂತಿದ್ದಾಗ, ಪರಿಚಯದ ಮನೆಯ ಹುಡುಗಿಯೊಬ್ಬಳು ಲ್ಯಾಪ್‌ಟಾಪ್ ತೆರೆದು ನನ್ನ ಮುಂದಿಟ್ಟಳು. "ಅಣ್ಣ, ಇದನ್ನೊಮ್ಮೆ ನೋಡಿ ಕೊಡ್ತೀರಾ?" ಎಂಎ ಕೊನೆಯ ಸೆಮಿಸ್ಟರ್‌ನ ಡಿಸರ್ಟೇಷನ್ ಅದು. ವಿಷಯ, ಇಲ್ಲಿನ ಮೀನು ಸಂಸ್ಕರಣಾ ಘಟಕಗಳಲ್ಲಿ ದುಡಿಯುವ ಹೆಂಗಸರು. ಅವಳ ಅಮ್ಮ ಅಂಥದೇ ಒಂದು ಘಟಕದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು.

ಮೊದಲ ಪುಟದಲ್ಲಿ 'ಪ್ರಸ್ತುತ ಅಧ್ಯಯನವು ಮಹಿಳಾ ಸಬಲೀಕರಣದ ವಿವಿಧ ಆಯಾಮಗಳನ್ನು' ಎಂದು ಶುರುವಾಗಿತ್ತು. ಹತ್ತು ಪುಟ ಕಳೆದರೂ ಒಬ್ಬ ಹೆಂಗಸೂ ಕಾಣಲಿಲ್ಲ. "ನಿನ್ನ ಅಮ್ಮ ಆ ಕೆಲಸದ ಬಗ್ಗೆ ಏನು ಹೇಳ್ತಾರೆ?" ಎಂದು ಕೇಳಿದೆ. ಇಪ್ಪತ್ತು ನಿಮಿಷ ಮಾತಾಡಿದಳು. ಐಸ್ ನೀರಲ್ಲಿ ಮರಗಟ್ಟುವ ಬೆರಳು, ಬಸ್ಸಲ್ಲಿ ಪಕ್ಕದವರು ಮೂಗು ಮುಚ್ಚಿಕೊಳ್ಳೋದು, ಜೂನ್–ಜುಲೈನ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರುವಾಗ ಮನೆ ಖರ್ಚಿನ ಲೆಕ್ಕ. "ಇದೆಲ್ಲ ಇಲ್ಲಿ ಯಾಕಿಲ್ಲ?" ಎಂದಾಗ ಅವಳು ಕೇಳಿದ್ದು: "ಇದೆಲ್ಲ ಬರೀಬಹುದಾ ಅಣ್ಣ?"

ಹದಿನೇಳು ವರ್ಷ ಓದಿದ ಮೇಲೆ ಬಂದ ಪ್ರಶ್ನೆ ಇದು. ಅದನ್ನು ಕೇಳಲು ಅವಳಿಗೆ ಸಿಕ್ಕಿದ್ದು ಒಂದು ಹೋಟೆಲ್ ಟೇಬಲ್.

ಏನಿದು ರೈಟಿಂಗ್ ಸೆಂಟರ್?

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಇಂಥ ಪ್ರಶ್ನೆಗೆಂದೇ ಜಾಗ ಇರುತ್ತದೆ. ಅದೇ ರೈಟಿಂಗ್ ಸೆಂಟರ್. ಪರ್ಡ್ಯೂ ವಿಶ್ವವಿದ್ಯಾಲಯದ ರೈಟಿಂಗ್ ಲ್ಯಾಬ್ 1976ರಲ್ಲಿ ಶುರುವಾಯಿತು. ವಿದ್ಯಾರ್ಥಿ ತನ್ನ ಅರೆಬರೆ ಕರಡು ಹಿಡಿದು ಹೋಗುತ್ತಾನೆ. ತರಬೇತಿ ಪಡೆದ ಒಬ್ಬರು, ಎಷ್ಟೋ ಸಲ ಹಿರಿಯ ವಿದ್ಯಾರ್ಥಿಯೇ, ಅರ್ಧ ಮುಕ್ಕಾಲು ಗಂಟೆ ಪಕ್ಕದಲ್ಲಿ ಕೂತು ಓದುತ್ತಾರೆ. ಮಾರ್ಕ್ಸ್ ಕೊಡೋದಿಲ್ಲ, ತಿದ್ದಿಯೂ ಕೊಡೋದಿಲ್ಲ. 'ಇಲ್ಲಿ ಏನು ಹೇಳಲು ಹೊರಟಿದ್ದೆ?' ಎಂದು ಕೇಳುತ್ತಾರೆ. ಆ ಒಂದು ಬರಹ ಚಂದ ಆಗಬೇಕು ಅನ್ನೋದಕ್ಕಿಂತ ಬರೆಯುವವರು ಬೆಳೆಯಬೇಕು ಅನ್ನೋದು ಅಲ್ಲಿನ ಉದ್ದೇಶ. ಚಾಟ್‌ಜಿಪಿಟಿ ನಿಮಗೆ ನೀಟಾದ ಪ್ಯಾರಾ ಕೊಡಬಹುದು. ಆದರೆ ನಿಮ್ಮ ಅಮ್ಮ ಏನು ಹೇಳಿದರು ಅನ್ನೋದು ಅದಕ್ಕೆ ಗೊತ್ತಿಲ್ಲ.

ಭಾರತದಲ್ಲೂ ಅಶೋಕ ವಿಶ್ವವಿದ್ಯಾಲಯದಂಥ ಕಡೆ ಇಂಥ ಕೇಂದ್ರ ಇದೆ. ಅದು ದುಬಾರಿ ಫೀಸಿನ ಖಾಸಗಿ ವಿಶ್ವವಿದ್ಯಾಲಯ, ಕಲಿಕೆಯ ಭಾಷೆ ಇಂಗ್ಲಿಷ್. ಮನೆಯಲ್ಲಿ ತುಳು ಅಥವಾ ಬ್ಯಾರಿ, ತರಗತಿಯಲ್ಲಿ ಕನ್ನಡ, ಪರಾಮರ್ಶೆಗೆ ಇಂಗ್ಲಿಷ್ ಅಂತ ಮೂರು ಭಾಷೆಗಳ ನಡುವೆ ಓಡಾಡುವ ನಮ್ಮ ಮಕ್ಕಳಿಗೇ ಇದರ ಅಗತ್ಯ ಹೆಚ್ಚು.

ದಂಡ ಇದೆ, ಪಾಠ ಇಲ್ಲ

ಯುಜಿಸಿಯ 2018ರ ಕೃತಿಚೌರ್ಯ ತಡೆ ನಿಯಮಾವಳಿ ಎಲ್ಲರಿಗೂ ಅರ್ಧ ಗೊತ್ತು. ಡಿಸರ್ಟೇಷನ್ ಅಥವಾ ಥೀಸಿಸ್‌ನಲ್ಲಿ ಹೋಲಿಕೆ 10 ಪರ್ಸೆಂಟ್‌ವರೆಗೆ ಇದ್ದರೆ ದಂಡ ಇಲ್ಲ. 10ರಿಂದ 40 ಆದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 40ರಿಂದ 60 ಆದರೆ ಒಂದು ವರ್ಷ ಮರುಸಲ್ಲಿಕೆಗೆ ಅವಕಾಶವಿಲ್ಲ. 60 ದಾಟಿದರೆ ನೋಂದಣಿಯೇ ರದ್ದು.

ಉಳಿದರ್ಧವನ್ನು ಯಾರೂ ಹೇಳೋದಿಲ್ಲ. ವಿದ್ಯಾರ್ಥಿಗಳಿಗೆ ಸರಿಯಾದ ಉಲ್ಲೇಖ ಕ್ರಮ ಕಲಿಸಬೇಕು, ಪ್ರತಿ ಸೆಮಿಸ್ಟರ್ ಅರಿವು ಕಾರ್ಯಕ್ರಮ ಮಾಡಬೇಕು ಅಂತಲೂ ಅದೇ ನಿಯಮಾವಳಿ ಸಂಸ್ಥೆಗಳಿಗೆ ಹೇಳುತ್ತದೆ. ಅಂದರೆ ವಿದ್ಯಾರ್ಥಿಗೆ ದಂಡ ಇರುವಂತೆ ಸಂಸ್ಥೆಗೆ ಕರ್ತವ್ಯವೂ ಇದೆ. ಮೊದಲನೆಯದಕ್ಕೆ ಸಾಫ್ಟ್‌ವೇರ್ ಬಂದಿದೆ. ಎರಡನೆಯದಕ್ಕೆ ಸಾಮಾನ್ಯವಾಗಿ ಸಿಗೋದು ಒಂದು ದಿನದ ಸೆಮಿನಾರ್, ಬ್ಯಾನರ್, ಗ್ರೂಪ್ ಫೋಟೋ.

ನಾನೂ ಇದೇ ವ್ಯವಸ್ಥೆಯ ಕೂಸು. ಎಂಜಿನಿಯರಿಂಗ್ ಕೊನೆಯ ವರ್ಷ ನಮ್ಮ ತಂಡದ ಪ್ರಾಜೆಕ್ಟ್ ರಿಪೋರ್ಟ್ ಸೀನಿಯರ್‌ಗಳ ರಿಪೋರ್ಟಿನ ಮೇಲೆಯೇ ನಿಂತಿತ್ತು. ಹೆಸರು ಬದಲಾಯಿತು, ಬೈಂಡಿಂಗ್ ಹೊಸದಾಯಿತು. ಯಾರೂ ಓದಲಿಲ್ಲ, ಹಾಗಾಗಿ ಯಾರೂ ಹಿಡಿಯಲೂ ಇಲ್ಲ. ನಾಚಿಕೆಯಾಗಲು ನನಗೆ ಕೆಲವು ವರ್ಷ ಬೇಕಾಯಿತು.

ನಮ್ಮಲ್ಲಿ ಇದು ಇರಲೇ ಇಲ್ವಾ?

ಬೇರೆ ರೂಪದಲ್ಲಿ ಇತ್ತು. ಸುಮಾರು ನೂರು ವರ್ಷದ ಹಿಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘ ಎ.ಆರ್. ಕೃಷ್ಣಶಾಸ್ತ್ರಿಗಳ ಮುಂದಾಳತ್ವದಲ್ಲಿ 'ಪ್ರಬುದ್ಧ ಕರ್ನಾಟಕ' ಪತ್ರಿಕೆ ಹೊರಡಿಸಿತು. ಮುಂದೆ ಮೈಸೂರು ವಿಶ್ವವಿದ್ಯಾಲಯ ಅದನ್ನು ವಹಿಸಿಕೊಂಡಿತು. ಎಪ್ಪತ್ತರ ದಶಕದಿಂದ ಬೆಂಗಳೂರಿನ ಕ್ರೈಸ್ಟ್ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು ಚಿ. ಶ್ರೀನಿವಾಸರಾಜು ಕನ್ನಡ ಸಂಘದ ಮೂಲಕ ಹೊಸಬರ ಪುಸ್ತಕ ಪ್ರಕಟಿಸಿದರು. ಬೇಂದ್ರೆ ಹೆಸರಿನ ಕವನ ಸ್ಪರ್ಧೆಗೆ ರಾಜ್ಯದ ಮೂಲೆ ಮೂಲೆಯ ಕಾಲೇಜುಗಳಿಂದ ಪದ್ಯಗಳು ಬರುತ್ತಿದ್ದವು. ಆಮೇಲೆ ಹೆಸರು ಮಾಡಿದ ಎಷ್ಟೋ ಕವಿಗಳ ಆರಂಭ ಅಲ್ಲಿದೆ.

ಆದರೆ ಇವೆಲ್ಲ ಒಬ್ಬ ಮೇಷ್ಟ್ರ ಪ್ರೀತಿಯ ಮೇಲೆ ನಿಂತಂಥವು. ಆ ಮೇಷ್ಟ್ರು ನಿಮ್ಮ ಕಾಲೇಜಲ್ಲಿ ಇದ್ದರೆ ನಿಮ್ಮ ಅದೃಷ್ಟ. ಇವತ್ತು ಕಾಯಂ ಹುದ್ದೆ ಖಾಲಿ ಬಿಟ್ಟು, ಅತಿಥಿ ಉಪನ್ಯಾಸಕರನ್ನು ಗಂಟೆ ಲೆಕ್ಕದಲ್ಲಿ ದುಡಿಸುವಾಗ, ಅವರಿಂದ ಸಂಜೆಯೂ ಕೂತು ಕರಡು ಓದಿ ಅಂತ ನಿರೀಕ್ಷಿಸೋದು ಅನ್ಯಾಯ.

ಅವಕಾಶ ಇದೆ, ಮೆಟ್ಟಿಲು ಇಲ್ಲ

ಹಾಗಂತ ಅವಕಾಶಗಳೇ ಇಲ್ಲ ಅನ್ನೋ ಹಾಗಿಲ್ಲ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಕೇಂದ್ರದ ಪಿಎಂ-ಯುವ ಯೋಜನೆ 2021ರಲ್ಲಿ ಶುರುವಾದಾಗ, 30 ವರ್ಷದೊಳಗಿನ 75 ಬರಹಗಾರರಿಗೆ ಆರು ತಿಂಗಳ ಕಾಲ ತಿಂಗಳಿಗೆ ತಲಾ 50,000 ರೂಪಾಯಿ ವಿದ್ಯಾರ್ಥಿವೇತನ ಇಟ್ಟಿತ್ತು. ಅದರಲ್ಲಿ ಕನ್ನಡಕ್ಕೂ ಜಾಗ ಇತ್ತು. 35ರೊಳಗಿನವರಿಗೆ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ ಇದೆ.

ಗಮನಿಸಿ, ಇವೆಲ್ಲ ಬರೆದು ಮುಗಿಸಿದವರಿಗೆ, ಇಲ್ಲವೇ ಒಳ್ಳೆಯ ಪ್ರಸ್ತಾವನೆ ಬರೆಯಬಲ್ಲವರಿಗೆ. ಮನೆಯಲ್ಲಿ ಓದಿದವರಿದ್ದರೆ ಕರಡು ನೋಡಲು ಒಬ್ಬ ಮಾವನೋ ಅತ್ತೆಯೋ ಸಿಗುತ್ತಾರೆ. ಮೊದಲ ತಲೆಮಾರಿನವರಿಗೆ ಯಾರಿದ್ದಾರೆ? ಜಾತಿ, ವರ್ಗದ ಅಂತರ ಪರೀಕ್ಷಾ ಹಾಲ್‌ಗಿಂತ ಮೊದಲು ಇಲ್ಲಿ ಕೆಲಸ ಮಾಡುತ್ತದೆ.

ಕೇಳಬೇಕಾದ್ದು ಇಷ್ಟೇ

ಇದಕ್ಕೆ ಕೋಟಿಗಟ್ಟಲೆ ಬಜೆಟ್ ಬೇಡ. ಲೈಬ್ರರಿಯಲ್ಲಿ ಒಂದು ಕೋಣೆ, ವಾರಕ್ಕೆ ನಾಲ್ಕು ಸಂಜೆ, ತರಬೇತಿ ಮತ್ತು ಗೌರವಧನ ಪಡೆಯುವ ಕೆಲವು ಸಂಶೋಧನಾ ವಿದ್ಯಾರ್ಥಿಗಳು. ಕನ್ನಡದಲ್ಲೂ ಇಂಗ್ಲಿಷಲ್ಲೂ ಕೂತು ಮಾತಾಡುವ ವ್ಯವಸ್ಥೆ. ಬೈಕಂಪಾಡಿಯಿಂದ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯಕ್ಕೆ ಹೋಗುವವರು ಸ್ಟೇಟ್‌ಬ್ಯಾಂಕ್‌ನಲ್ಲಿ ಬಸ್ ಬದಲಿಸಬೇಕು. ಹಾಗಾಗಿ ಕೇಂದ್ರ ಕ್ಯಾಂಪಸ್‌ನಲ್ಲಿ ಮಾತ್ರ ಇದ್ದರೆ ಸಾಲದು, ಪದವಿ ಕಾಲೇಜುಗಳಿಗೂ ಬರಬೇಕು. ನ್ಯಾಕ್ ತಂಡ ಬರುವ ಮೊದಲು ಗೋಡೆಗೆ ಬಣ್ಣ ಬಳಿಯಲು ದುಡ್ಡು ಹುಟ್ಟುವುದಾದರೆ ಇದಕ್ಕೂ ಹುಟ್ಟುತ್ತದೆ.

ವಿದ್ಯಾರ್ಥಿ ಸಂಘಟನೆಗಳ ಬೇಡಿಕೆ ಪಟ್ಟಿಯಲ್ಲಿ ಫೀಸು, ಹಾಸ್ಟೆಲ್, ಬಸ್ ಪಾಸ್ ಇರುತ್ತವೆ. ಇರಲೇಬೇಕು. ಅದರ ಕೆಳಗೆ ಇದೊಂದು ಸಾಲು ಸೇರಿಸಿ. ಮುಂದಿನ ಬಾರಿ ಯಾರಾದರೂ '10 ಪರ್ಸೆಂಟ್ ಒಳಗೆ ತನ್ನಿ' ಎಂದಾಗ, ಕಲಿಸುವ ತಮ್ಮ ಕರ್ತವ್ಯದಲ್ಲಿ ಎಷ್ಟು ಪರ್ಸೆಂಟ್ ಮುಗಿದಿದೆ ಅಂತ ಕೇಳಿ.

ಆ ಹುಡುಗಿ ಮೊದಲ ಅಧ್ಯಾಯವನ್ನು ಮತ್ತೆ ಬರೆಯುತ್ತಿದ್ದಾಳೆ. ಈಗ ಅದು ಐಸ್ ನೀರಿನಿಂದ ಶುರುವಾಗುತ್ತದೆ.